ಕಾಗದ ಹೇಳುವ ಸಾಕ್ಷಿ



2010ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕ್ರೈಸ್ತ ಸನ್ಯಾಸಿನಿಯರ ಸಂಘವೊಂದಕ್ಕೆ ಯಾರೂ ಎಣಿಸದ ಆಸ್ತಿಯೊಂದು ಬಂತು. ಸ್ಕೂಲ್ ಸಿಸ್ಟರ್ಸ್ ಆಫ್ ನೋಟ್ರ್ ಡಾಮ್ ಎಂಬುದು ಆ ಸಂಘದ ಹೆಸರು. ಅವರಲ್ಲೊಬ್ಬ ಸನ್ಯಾಸಿನಿ ಹಿಂದೆಯೇ ತೀರಿಕೊಂಡಿದ್ದರು. ಅವರ ಸೋದರ ಆ ವರ್ಷ ಕಾಲವಾದಾಗ ತನ್ನದೆಲ್ಲವನ್ನೂ ಸಂಘಕ್ಕೆ ಬರೆದಿಟ್ಟಿದ್ದುದು ತಿಳಿಯಿತು. ಬ್ಯಾಂಕಿನ ಲಾಕರಿನಲ್ಲಿ ಒಂದು ಪುಟ್ಟ ರಟ್ಟಿನ ಚೂರಿತ್ತು. ಅದರ ಮೇಲೆ ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಒಬ್ಬ ಆಟಗಾರನ ಎದೆಮಟ್ಟದ ಚಿತ್ರ. ಮೂರು ಬದಿಯ ಬಿಳಿ ಅಂಚನ್ನು ಯಾರೋ ಕತ್ತರಿಸಿದ್ದರು. ಮೇಲಿನ ಮೂಲೆಯಲ್ಲಿ ಮಡಿಕೆ ಬಿದ್ದಿತ್ತು. ಸಾಲದೆಂಬಂತೆ ಪ್ಲಾಸ್ಟಿಕ್ ಹೊದಿಸಿ ಲ್ಯಾಮಿನೇಟ್ ಬೇರೆ ಮಾಡಿಸಿದ್ದರು. ಜೊತೆಯಲ್ಲೊಂದು ಟೈಪ್ ಮಾಡಿದ ಚೀಟಿ. ಕಾರ್ಡು ಹಾಳಾಗಿದ್ದರೂ ಇಪ್ಪತ್ತೊಂದನೇ ಶತಮಾನದಲ್ಲಿ ಇದರ ಬೆಲೆ ಬಹಳ ಏರಲಿದೆ ಎಂಬ ಅರ್ಥದ ಮಾತು ಅದರಲ್ಲಿತ್ತು. 1936ರಿಂದ ಆತ ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದ.

ಆ ಚಿತ್ರ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಹೋನಸ್ ವಾಗ್ನರ್ ಅವರದು. ಪರೀಕ್ಷಕರು ನೋಡಿ ಕಾರ್ಡು ಅಸಲಿ ಎಂದರು. ಕಮಿಷನ್ ಸೇರಿ 2,62,000 ಡಾಲರ್‌ಗೆ ಹರಾಜಾಯಿತು. ಮೊದಲ ಖರೀದಿದಾರ ಹೊತ್ತಿಗೆ ಸರಿಯಾಗಿ ಹಣ ಕಟ್ಟಲಿಲ್ಲವಾಗಿ ಅದು ಇನ್ನೊಬ್ಬ ಸಂಗ್ರಾಹಕರಿಗೆ ಹೋಯಿತು. ಕೊನೆಗೆ ಸಂಘದ ಕೈಸೇರಿದ್ದು 2,20,000 ಡಾಲರ್. ಸನ್ಯಾಸಿನಿಯರು ಅದನ್ನು ಹಲವು ದೇಶಗಳಲ್ಲಿ ಬಡವರ ಸೇವೆಗೆ ಮೀಸಲಿಟ್ಟರು.

ಇಷ್ಟು ಹಾಳಾದ ಒಂದು ರಟ್ಟಿನ ಚೂರನ್ನು, ಅದೂ ಮನೆಯವರ ಮಾತಿನ ಹೊರತು ಬೇರೆ ಹಿನ್ನೆಲೆಯೇ ಗೊತ್ತಿಲ್ಲದ್ದನ್ನು, ಅಸಲಿ ಎಂದು ತೀರ್ಮಾನಿಸುವುದು ಹೇಗೆ? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ. ಹಳೆಯ ಅಚ್ಚಿನ ಕಾಗದಗಳ ಜೊತೆ ಬದುಕಿನ ಬಹುಭಾಗ ಕಳೆದವನು ನಾನು. ನನಗೆ ಈ ಕಾರ್ಡುಗಳ ಬೆಲೆಗಿಂತ ಅವುಗಳ ಪರೀಕ್ಷೆಯ ವಿಧಾನವೇ ಹೆಚ್ಚು ಪ್ರಿಯ.

ಮೊದಲು ಈ ಕಾರ್ಡೆಂದರೆ ಏನು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಒಂದು ಕಾಲಕ್ಕೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತಲ್ಲ, ಹುಡುಗರು ಗಮ್‌ಗಿಂತ ಚಿತ್ರಕ್ಕಾಗಿಯೇ ಅಂಗಡಿಗೆ ಓಡುತ್ತಿದ್ದರಲ್ಲ, ಹಾಗೆಯೇ ಇದೂ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು, ತಂಬಾಕು ಪ್ಯಾಕುಗಳಲ್ಲಿ ಬೇಸ್‌ಬಾಲ್ ಆಟಗಾರರ ಬಣ್ಣದ ಕಾರ್ಡುಗಳನ್ನು ಇಟ್ಟು ಮಾರಿತು. ಗಿರಾಕಿಗೆ ಅದೊಂದು ಸೆಳೆತ. ಅಗಲ 1 7/16 ಇಂಚು, ಉದ್ದ 2 5/8 ಇಂಚು. ಹಿಂಬದಿಯಲ್ಲಿ ಸಿಗರೇಟು, ತಂಬಾಕಿನ ಜಾಹೀರಾತು: ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್, ಸಾವರಿನ್, ಪೋಲಾರ್ ಬೇರ್, ಹೀಗೆ ಹದಿನಾರು ಬ್ರ್ಯಾಂಡುಗಳು. ಅವುಗಳಲ್ಲೊಂದರ ಹೆಸರು ‘ಹಿಂದು’. ಆ ಜಾಹೀರಾತನ್ನು ಕಂದು ಮಸಿಯಲ್ಲೂ ಕೆಂಪು ಮಸಿಯಲ್ಲೂ ಅಚ್ಚು ಹಾಕಿದ್ದರು. ಇವತ್ತು ಸಂಗ್ರಾಹಕರು ಮುಂಬದಿಯ ಆಟಗಾರ ಯಾರೆಂದು ಕೇಳುವ ಮೊದಲೇ ಹಿಂಬದಿ ತಿರುಗಿಸಿ ನೋಡುವ ಕಾರ್ಡುಗಳಲ್ಲಿ ‘ಹಿಂದು’ ಹಿಂಬದಿಯವೂ ಸೇರಿವೆ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಂಪನಿಯ ಏಕಸ್ವಾಮ್ಯವನ್ನು ಒಡೆಯಿತು. ಕಾರ್ಡುಗಳ ಈ ಮಾಲೆಯೂ ಅಲ್ಲಿಗೆ ನಿಂತಿತು.

ಈ ಮಾಲೆಗೆ ಟಿ206 ಎಂಬ ಹೆಸರು ಬಂದದ್ದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ಜೆಫರ್ಸನ್ ಬರ್ಡಿಕ್ ಎಂಬುವರಿಂದ. ಸಂಧಿವಾತದಿಂದ ಬೆರಳು ಸೊಟ್ಟಗಾಗುತ್ತಿದ್ದರೂ ಲಕ್ಷಗಟ್ಟಲೆ ಕಾರ್ಡು, ಲೇಬಲ್ಲು, ಜಾಹೀರಾತು ಚೀಟಿಗಳನ್ನು ಕೂಡಿಟ್ಟು, ವರ್ಗ ಮಾಡಿ, ಪಟ್ಟಿ ಅಚ್ಚು ಹಾಕಿಸಿದ ಮನುಷ್ಯ ಅವರು. ಮೂರು ಲಕ್ಷಕ್ಕೂ ಮಿಕ್ಕ ಆ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಮಾಡಿ, ವರ್ಷಾನುಗಟ್ಟಲೆ ಅಲ್ಲಿಗೇ ಹೋಗಿ ಕೂತು ಆಲ್ಬಮ್ಮುಗಳಿಗೆ ತಾವೇ ಅಂಟಿಸಿದರು. ಕೆಲಸ ಮುಗಿದ 1963ರಲ್ಲೇ ತೀರಿಕೊಂಡರು. ಅವರ ಪಟ್ಟಿ ಇಲ್ಲದಿದ್ದರೆ ಇವತ್ತು ಯಾವ ಪರೀಕ್ಷಕನಿಗೂ ತಾನು ಯಾವುದನ್ನು ಯಾವುದರ ಜೊತೆ ಹೋಲಿಸಬೇಕೆಂಬುದೇ ತಿಳಿಯುತ್ತಿರಲಿಲ್ಲ. ಪರೀಕ್ಷೆಯೆಂದರೆ ಕೊನೆಗೆ ಹೋಲಿಕೆಯೇ.

ವಾಗ್ನರ್ ಕಾರ್ಡು ಅಪರೂಪವಾಗಲು ಕಾರಣ, ಅವರು ತಮ್ಮ ಚಿತ್ರವನ್ನು ಬಳಸಲು ಒಪ್ಪದೆ ಅಚ್ಚು ನಿಲ್ಲುವಂತೆ ಮಾಡಿದ್ದು. ಮಕ್ಕಳು ತಮ್ಮ ಚಿತ್ರದಾಸೆಗೆ ತಂಬಾಕು ಕೊಳ್ಳಬಾರದೆಂದು ಹಾಗೆ ಮಾಡಿದರು ಎನ್ನುವವರಿದ್ದಾರೆ. ತಕ್ಕ ದುಡ್ಡು ಸಿಗದಿದ್ದಕ್ಕೆ ಎನ್ನುವವರೂ ಇದ್ದಾರೆ. ಅವರು ಸ್ವತಃ ತಂಬಾಕು ಜಗಿಯುತ್ತಿದ್ದರು. ಕಾರಣ ಏನೇ ಇರಲಿ, ಇವತ್ತು ಉಳಿದಿರುವ ವಾಗ್ನರ್ ಕಾರ್ಡುಗಳು ಅರವತ್ತರ ಆಸುಪಾಸು. 2022ರಲ್ಲಿ ಒಂದು 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಬೆಲೆ ಈ ಮಟ್ಟಕ್ಕೆ ಹೋದ ಮೇಲೆ ಖೋಟಾ ಕಾರ್ಡು ಹುಟ್ಟದೆ ಇದ್ದೀತೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಅಜ್ಜನ ಪೆಟ್ಟಿಗೆಯಲ್ಲೋ ಕೊಂಡ ಹಳೆಯ ಮನೆಯ ಅಟ್ಟದಲ್ಲೋ ಇಂಥದೊಂದು ಕಾರ್ಡು ಸಿಕ್ಕಿತೆನ್ನಿ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಹಳೆಯ ಮನೆ ಕೊಂಡಾಗ, ನೆರೆಯ ವೃದ್ಧರೊಬ್ಬರು ಪೆಟ್ಟಿಗೆ ಕೊಟ್ಟು ಹೋದಾಗ ಹೀಗೆ ಆಗುವುದುಂಟು. ಮೊದಲ ಸಾಧನ ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ. ಅಕ್ಕಸಾಲಿಗರು ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಅಂಥದು.

ಟಿ206 ಮಾಲೆಯ ಕಡಿಮೆ ಬೆಲೆಯ ಕಾರ್ಡೊಂದನ್ನು, ಹಿಂಬದಿ ಪೀಡ್‌ಮಾಂಟ್ ಇದ್ದದ್ದನ್ನು, ನಾನು ಕಿಟಕಿಯ ಬೆಳಕಿನಲ್ಲಿ ಹಿಡಿದು ನಿಧಾನವಾಗಿ ನೋಡಿದ್ದೇನೆ. ಬರಿಗಣ್ಣಿಗೆ ಆಟಗಾರನ ಕೆನ್ನೆ ನಯವಾದ ಗುಲಾಬಿ. ಗಾಜಿನಡಿ ನೋಡಿದರೆ ಅಲ್ಲಿ ಗುಲಾಬಿ ಮಸಿಯೇ ಇಲ್ಲದಂತೆ, ತಿಳಿ ಹಳದಿಯ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು. ಒಂದು ದಪ್ಪ, ಒಂದು ಸಣ್ಣ; ಒಂದೆಡೆ ಒತ್ತಾಗಿ, ಒಂದೆಡೆ ಬಿಡಿಬಿಡಿಯಾಗಿ. ಯಾವ ಸಾಲಿಗೂ ಸಿಗದ ಚುಕ್ಕಿಗಳು ಅವು. ಕೆಳತುಟಿಯ ಬಳಿ ಕೆಂಪು ಒಂದು ಕೂದಲೆಳೆಯಷ್ಟು ಗೆರೆಯಾಚೆ ಸರಿದಿತ್ತು. ಕೆಂಪು ಬಣ್ಣದ ಸರದಿ ಬಂದಾಗ ಹಾಳೆ ಒಂದಿಷ್ಟು ಜರುಗಿದ್ದರ ಗುರುತು. ಕೆಳಗೆ ಆಟಗಾರನ ಹೆಸರು, ಊರು. ಆ ಅಕ್ಷರಗಳು ಕಂದು ಮಸಿಯಲ್ಲಿ ತುಂಬಿಕೊಂಡಿದ್ದವು. ಅವುಗಳೊಳಗೆ ಒಂದೇ ಒಂದು ಚುಕ್ಕಿ ಇರಲಿಲ್ಲ.

ಇದು ಕಲ್ಲಚ್ಚಿನ, ಅಂದರೆ ಲಿಥೊಗ್ರಾಫಿಯ ಗುಣ. ಫೋಟೊವನ್ನು ಆಧಾರವಾಗಿಟ್ಟುಕೊಂಡು ಕಲಾವಿದರು ಕೈಯಿಂದ ಚಿತ್ರ ಬರೆದು, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು ಮಾಡಿ, ಒಂದರ ಮೇಲೊಂದು ಒತ್ತುತ್ತಿದ್ದರು. ವಾಗ್ನರ್ ಚಿತ್ರಕ್ಕೆ ಮೂಲ ಬೋಸ್ಟನ್ನಿನ ಕಾರ್ಲ್ ಹಾರ್ನರ್ ತೆಗೆದ ಫೋಟೊ. ಅಚ್ಚಾದದ್ದು ನ್ಯೂಯಾರ್ಕಿನ ಅಮೆರಿಕನ್ ಲಿಥೊಗ್ರಾಫಿಕ್ ಕಂಪನಿಯಲ್ಲಿ. ಈಗಿನ ಮರುಮುದ್ರಣ ಹಾಗಲ್ಲ. ಅಸಲಿ ಕಾರ್ಡಿನ ಫೋಟೊ ತೆಗೆದು ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕೇ ಮಸಿಗಳಲ್ಲಿ ಅಚ್ಚು ಮಾಡುತ್ತಾರೆ. ಗಾಜಿನಡಿ ಚುಕ್ಕಿಗಳು ಅಳತೆಗಿಟ್ಟಂತೆ ಸಾಲಾಗಿ, ಪುಟ್ಟ ಪುಟ್ಟ ಹೂವಿನಾಕಾರದಲ್ಲಿ ಕಾಣುತ್ತವೆ. ಹೆಸರಿನ ಅಕ್ಷರಗಳೂ ಚುಕ್ಕಿಗಳಿಂದಲೇ ಆಗಿರುತ್ತವೆ. ಬಿಳಿ ಅಂಚಿನಲ್ಲಿ ಹಳೆಯ ಕೊಳೆಯಂತೆ ಕಾಣುವುದೂ ಚುಕ್ಕಿಗಳೇ, ಕೊಳೆಯ ಫೋಟೊ! ಅಕ್ಷರದೊಳಗೆ ಇಂಥ ಚುಕ್ಕಿ ಕಂಡಿತೋ, ಮುಂದಿನ ಪರೀಕ್ಷೆಯೇ ಬೇಕಿಲ್ಲ.

ಇದನ್ನು ನೀವು ನಿಮ್ಮ ಮನೆಯಲ್ಲೇ ಕಲಿಯಬಹುದು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರ ಪಟಗಳೂ ಇದೇ ಬಗೆಯ ಬಣ್ಣದ ಕಲ್ಲಚ್ಚಿನವು. ದೇವರಮನೆಯಲ್ಲಿ ಮುತ್ತಜ್ಜಿಯ ಕಾಲದ ಪಟವಿದ್ದರೆ ಸರಸ್ವತಿಯ ಕೈಯನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಈಗ ಅಂಗಡಿಯಲ್ಲಿ ಸಿಗುವ ಅದೇ ಪಟವನ್ನು ನೋಡಿ. ಎರಡರ ಅಂತರ ಒಮ್ಮೆ ಕಣ್ಣಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಚುಕ್ಕಿಯ ಪರೀಕ್ಷೆ ದಾಟಿದ ಮೇಲೆ ಕಾಗದದ ಸರದಿ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿಯುತ್ತಾರೆ. ಎರಡನೇ ಮಹಾಯುದ್ಧದ ನಂತರ ಕಾಗದ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಬೆರೆಸುವುದು ಬಳಕೆಗೆ ಬಂತು. ಆ ಕಾಗದ ಈ ದೀಪದಡಿ ನೀಲಿಬಿಳಿಯಾಗಿ ಬೆಳಗುತ್ತದೆ. 1910ರ ರಟ್ಟು ಮಂಕಾಗಿಯೇ ಉಳಿಯಬೇಕು. ಆದರೆ ಇಲ್ಲಿ ಅವಸರ ಸಲ್ಲದು. ಅಂಟು, ಪ್ಲಾಸ್ಟಿಕ್ ಹೊದಿಕೆ, ಸೋಪಿನ ಪುಡಿ ತಾಗಿದ ಹಳೆಯ ಕಾಗದ ಕೂಡ ಬೆಳಗಬಹುದು. ಬೆಳಗದೆ ಇದ್ದರೂ ಅಸಲಿ ಎಂದಾಗದು. ಹಳೆಯ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಹೊಸ ಅಚ್ಚು ಒತ್ತುವವರಿದ್ದಾರೆ. ಕಾಗದದ ವಯಸ್ಸೇ ಬೇರೆ, ಮಸಿಯ ವಯಸ್ಸೇ ಬೇರೆ. ಇನ್ನು ಚಹಾ ನೀರಿನಲ್ಲಿ ಅದ್ದಿ ಹಳೆಯದಾಗಿಸಿದ್ದು ಬೇಗ ಗೊತ್ತಾಗುತ್ತದೆ. ಕಾಲ ಹಾಕುವ ಕಂದು ಅಂಚಿನಿಂದ ಒಳಕ್ಕೆ ಸರಿಯುತ್ತದೆ, ಕೈ ತಾಗಿದಲ್ಲಿ ಹೆಚ್ಚು, ತಾಗದಲ್ಲಿ ಕಡಿಮೆ. ಚಹಾ ಎಲ್ಲೆಡೆ ಒಂದೇ ಸಮ ಹಿಡಿದುಕೊಂಡಿರುತ್ತದೆ. ಸ್ಮರಣಿಕೆಯಾಗಿ ಮಾರುವ ಮರುಮುದ್ರಣಗಳ ಹಿಂಬದಿಯಲ್ಲಿ ‘ರೀಪ್ರಿಂಟ್’ ಎಂಬ ಮಾತಿದ್ದರೆ ಅದನ್ನು ಉಜ್ಜಿ ತೆಗೆದಿರುತ್ತಾರೆ. ಓರೆ ಬೆಳಕು ಬಿಟ್ಟರೆ ಆ ಜಾಗದ ಎಳೆಗಳು ಎದ್ದು ನಿಂತದ್ದು ಕಾಣುತ್ತದೆ.

ಇನ್ನು ವಿಚಿತ್ರ ಕಾರ್ಡುಗಳ ಮಾತು. ಎಲ್ಲಿಯೂ ಕಾಣದ ಯಾವುದೋ ವ್ಯತ್ಯಾಸ ಇದರಲ್ಲಿದೆ, ಆದ್ದರಿಂದ ಇದು ಅಪರೂಪದ್ದು ಎಂದು ವಾರಸುದಾರರು ಹಿಗ್ಗುತ್ತಾರೆ. ಅದು ನಿಜವೂ ಆಗಬಹುದು. ಷೆರಿ ಮಗೀ ಎಂಬ ಆಟಗಾರನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಇ’ ಇರಬೇಕಾದಲ್ಲಿ ‘ಐ’ ಅಕ್ಷರ ಅಚ್ಚಾಗಿ, ಬೇಗನೆ ತಿದ್ದಿಕೊಂಡರು. ತಪ್ಪು ಉಳಿದ ಕಾರ್ಡಿಗೆ ಇವತ್ತು ದೊಡ್ಡ ಬೆಲೆ. ಜೋ ಡಾಯ್ಲ್ ಪ್ರಕರಣ ಇನ್ನೂ ಸ್ವಾರಸ್ಯದ್ದು. ಆತ ಅಮೆರಿಕನ್ ಲೀಗಿನ ನ್ಯೂಯಾರ್ಕ್ ತಂಡದವನು. ನ್ಯಾಷನಲ್ ಲೀಗಿನ ನ್ಯೂಯಾರ್ಕ್ ತಂಡದಲ್ಲಿ ಲ್ಯಾರಿ ಡಾಯ್ಲ್ ಎಂಬ ಇನ್ನೊಬ್ಬನಿದ್ದ. ಅಚ್ಚಿನವರು ಜೋ ಚಿತ್ರದ ಕೆಳಗೆ ನ್ಯೂಯಾರ್ಕ್ ಪಕ್ಕದಲ್ಲಿ ‘ನ್ಯಾಷನಲ್’ ಎಂಬುದರ ಹ್ರಸ್ವರೂಪ ಹಾಕಿಬಿಟ್ಟರು, ಆಮೇಲೆ ಅಳಿಸಿದರು. ಅಳಿಸುವ ಮೊದಲು ಹೊರಬಿದ್ದ ಕಾರ್ಡುಗಳಲ್ಲಿ ಇವತ್ತು ಗೊತ್ತಿರುವುದು ಬೆರಳೆಣಿಕೆಯವು.

ತಿದ್ದಿದ ಡಾಯ್ಲ್ ಕಾರ್ಡಿಗೆ ನಾಲ್ಕು ಅಕ್ಷರ ಸೇರಿಸಿದರೆ ಸಾಮಾನ್ಯ ಕಾರ್ಡು ಭಾಗ್ಯದ ಕಾರ್ಡಾಗುತ್ತದೆ. ಖೋಟಾಗಾರರು ಈ ದಾರಿಯನ್ನೇ ಹಿಡಿಯುತ್ತಾರೆ. ಇಂಥಲ್ಲಿ ಕಾಗದ ಅಸಲಿ, ಚಿತ್ರ ಅಸಲಿ, ಹಿಂಬದಿ ಅಸಲಿ. ಸುಳ್ಳಿರುವುದು ಒಂದು ಪದದಲ್ಲಿ ಮಾತ್ರ. ಆಗ ಪರೀಕ್ಷಕ ಆ ಒಂದು ಪದದ ಮಸಿಯನ್ನು ಪಕ್ಕದ ಪದದ ಮಸಿಯ ಜೊತೆ ಹೋಲಿಸಬೇಕು. ಒಂದೇ ಕಂದು ಹೌದೋ, ಎರಡೂ ಎಳೆಯೊಳಗೆ ಒಂದೇ ಸಮ ಇಳಿದಿವೆಯೋ, ಅಕ್ಷರಗಳ ಅಂತರ ಗೊತ್ತಿರುವ ಅಸಲಿ ಕಾರ್ಡಿನದಕ್ಕೆ ಕೂಡುತ್ತದೆಯೋ ನೋಡಬೇಕು. ಅದಕ್ಕೇ ನಾನು ಹೇಳುವುದು, ಕಾರ್ಡು ವಿಚಿತ್ರವಾದಷ್ಟೂ ಮೊದಲ ಅನುಮಾನ ಆ ವಿಚಿತ್ರದ ಮೇಲೇ ಇರಲಿ.

ಹಾಗೆಂದು ಎಲ್ಲ ವ್ಯತ್ಯಾಸವೂ ಮೋಸವಲ್ಲ. ಅಮೆರಿಕನ್ ಬ್ಯೂಟಿ ಹಿಂಬದಿಯ ಕಾರ್ಡುಗಳು ಉಳಿದವಕ್ಕಿಂತ ಅಗಲದಲ್ಲಿ ಕಡಿಮೆ, ಏಕೆಂದರೆ ಆ ಸಿಗರೇಟಿನ ಪ್ಯಾಕೇ ಸಪೂರವಾಗಿತ್ತು. ಇದು ತಿಳಿಯದವನು ಅಳತೆಪಟ್ಟಿ ಇಟ್ಟು, ಯಾರೋ ಕತ್ತರಿಸಿದ್ದಾರೆ ಎಂದು ಒಳ್ಳೆಯ ಕಾರ್ಡನ್ನು ತಳ್ಳಿಹಾಕಿಯಾನು.

ಕತ್ತರಿಸುವ ಮಾತು ಬಂದದ್ದರಿಂದ ಈ ಲೋಕದ ಅತಿ ದೊಡ್ಡ ಹಗರಣವನ್ನು ಹೇಳಲೇಬೇಕು. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ ಒಂದು ವಾಗ್ನರ್ ಕಾರ್ಡನ್ನು 25,000 ಡಾಲರ್‌ಗೆ ಕೊಂಡ. ಕೈ ಬದಲಾಗುತ್ತಾ ಹೋಗಿ 1991ರಲ್ಲಿ ಸದಬೀಸ್ ಹರಾಜಿನಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವರ ಜೊತೆಗಾರ ಬ್ರೂಸ್ ಮೆಕ್‌ನಾಲ್ ಅದಕ್ಕೆ 4,51,000 ಡಾಲರ್ ಕೊಟ್ಟರು. ಅದೇ ಹೊತ್ತಿಗೆ ಕಾರ್ಡುಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಪಿಎಸ್‌ಎ ಎಂಬ ಸಂಸ್ಥೆ ಶುರುವಾಗಿತ್ತು. ಅದು ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡು ಇದೇ. ಎಂಟು ಅಂಕ! ಬೇರೆ ಯಾವ ವಾಗ್ನರ್ ಕಾರ್ಡೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. 2007ರಲ್ಲಿ 28 ಲಕ್ಷ ಡಾಲರ್‌ಗೆ ಅರಿಜೋನಾ ಡೈಮಂಡ್‌ಬ್ಯಾಕ್ಸ್ ತಂಡದ ಒಡೆಯ ಕೆನ್ ಕೆಂಡ್ರಿಕ್ ಅದನ್ನು ಕೊಂಡರು. ಇಷ್ಟು ಹಳೆಯ ಕಾರ್ಡಿನ ಅಂಚು ಇಷ್ಟು ಚೂಪಾಗಿರುವುದು ಹೇಗೆಂಬ ಪಿಸುಮಾತು ವರ್ಷಗಳಿಂದ ಇದ್ದೇ ಇತ್ತು. 2013ರಲ್ಲಿ ಬೇರೆ ವಂಚನೆಗಳ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ ಮಾಸ್ಟ್ರೊ, ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ ಒಪ್ಪಿಕೊಂಡ. 2015ರಲ್ಲಿ ಅವನಿಗೆ ಇಪ್ಪತ್ತು ತಿಂಗಳ ಸೆರೆಮನೆ ಶಿಕ್ಷೆಯಾಯಿತು.

ಆ ಕಾರ್ಡು ಅಸಲಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂಲದಲ್ಲಿದ್ದಂತೆ ಉಳಿದಿಲ್ಲ. ಅಸಲಿಯೋ, ಮೂಲದಂತೆಯೇ ಇದೆಯೋ ಎಂಬ ಈ ಎರಡು ಪ್ರಶ್ನೆಗಳನ್ನು ಒಂದೆಂದು ತಿಳಿದದ್ದರಿಂದಲೇ ದೊಡ್ಡ ದೊಡ್ಡವರು ಮೋಸಹೋದರು. ಬಾಲ್ಟಿಮೋರಿನ ಸನ್ಯಾಸಿನಿಯರ ಕಾರ್ಡಿನ ಅಂಚೂ ಕತ್ತರಿಸಿದ್ದೇ. ಆದರೆ ಅದು ಎಲ್ಲರ ಕಣ್ಣೆದುರಿಗಿತ್ತು, ಹರಾಜಿನವರೂ ಅದನ್ನು ಹೇಳಿಯೇ ಮಾರಿದರು. ನನ್ನ ಮಟ್ಟಿಗೆ ಹೆಚ್ಚು ಗೌರವದ ಕಾರ್ಡು ಅದೇ.

ಕೊನೆಯದಾಗಿ ಮನೆಯವರ ಕಥೆ. ಅಜ್ಜ ಹೇಳುತ್ತಿದ್ದರು, ಮುತ್ತಜ್ಜ ತಂದದ್ದಂತೆ, ಎಂಬ ಮಾತಿಗೆ ಪರೀಕ್ಷಕ ಕಿವಿಗೊಡುವುದಿಲ್ಲ ಎಂದು ಬಹಳ ಜನ ಮುನಿಯುತ್ತಾರೆ. ಕಿವಿಗೊಡದೆ ಶುರುಮಾಡುವುದೇ ಸರಿ. 2016ರಲ್ಲಿ ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಒಂದು ಕುಟುಂಬದವರು ಮುತ್ತಜ್ಜನ ಮನೆ ಖಾಲಿ ಮಾಡುತ್ತಿದ್ದರು. ನೆಲದ ಮೇಲೆ ಬಿದ್ದಿದ್ದ ಮುದ್ದೆಯಾದ ಕಾಗದದ ಚೀಲವನ್ನು ಕಸಕ್ಕೆ ಎಸೆಯುವುದರಲ್ಲಿದ್ದರು. ಅದರಲ್ಲಿ ಟೈ ಕಾಬ್ ಎಂಬ ಆಟಗಾರನ ಏಳು ಕಾರ್ಡುಗಳಿದ್ದವು, ಹಿಂಬದಿಯಲ್ಲಿ ಅದೇ ಟೈ ಕಾಬ್ ಹೆಸರಿನ ತಂಬಾಕಿನ ಜಾಹೀರಾತು. ಅಲ್ಲಿಯವರೆಗೆ ಇಡೀ ಜಗತ್ತಿನಲ್ಲಿ ಗೊತ್ತಿದ್ದದ್ದು ಹದಿನೈದರಷ್ಟು. ಅಂಥದ್ದು ಒಂದೇ ಚೀಲದಲ್ಲಿ ಏಳು! ಯಾವ ಅನುಭವಿಯೂ ಮೊದಲು ನಂಬಲಾರ. ಪಿಎಸ್‌ಎ ಒಂದೊಂದನ್ನೂ ಪರೀಕ್ಷಿಸಿ ಅಸಲಿ ಎಂದಿತು. ಕಾಗದ, ಮಸಿ, ಅಚ್ಚು ತಾವಾಗಿ ಸಾಕ್ಷಿ ಹೇಳಿದ ಮೇಲೆ ಮುತ್ತಜ್ಜನ ಮನೆಯ ಕಥೆಗೆ ಬಲ ಬಂತು.

ಅದಕ್ಕೂ ಮೊದಲು, 2012ರಲ್ಲಿ ಓಹಾಯೊ ರಾಜ್ಯದ ಡಿಫಾಯನ್ಸ್ ಪಟ್ಟಣದಲ್ಲಿ ಇದಕ್ಕೆ ತಿರುವುಮುರುವಾದ ತೊಡಕಾಯಿತು. ಮಾಂಸದಂಗಡಿ ನಡೆಸುತ್ತಿದ್ದ ಅಜ್ಜನ ಮನೆಯ ಅಟ್ಟದಲ್ಲಿ, ಹಸಿರು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಏಳುನೂರರಷ್ಟು ಕಾರ್ಡುಗಳು ಸಿಕ್ಕವು. 1910ರ ಕಾಲದ ಇ98 ಎಂಬ ಮಾಲೆ, ಮಿಠಾಯಿ ಜೊತೆ ಬರುತ್ತಿದ್ದ ಬಗೆಯದು. ನಿನ್ನೆ ಅಚ್ಚಾದಂತೆ ಹೊಳೆಯುತ್ತಿದ್ದವು. ಈ ಮಾಲೆಯ ಕಾರ್ಡುಗಳನ್ನು ಅಷ್ಟು ಚೆನ್ನಾಗಿ ಯಾರೂ ಕಂಡಿರಲಿಲ್ಲ. ಹೊಸತನವೇ ಅನುಮಾನಕ್ಕೆ ಕಾರಣ. ಮಕ್ಕಳ ಕೈಗೆ ಸಿಗದೆ, ಬೆಳಕು ಕಾಣದೆ ಒಂದೇ ಮನೆಯಲ್ಲಿ ಉಳಿದವು ಅವು. ಆ ಮನೆಯಲ್ಲಿ ಕೊನೆಯವರೆಗೂ ಇದ್ದವಳು ಅಜ್ಜನ ಮಗಳು. ಕಾರ್ಡುಗಳು ಪರೀಕ್ಷೆಯಲ್ಲಿ ಗೆದ್ದವು. ಇಪ್ಪತ್ತು ಮೊಮ್ಮಕ್ಕಳು ಜಗಳವಿಲ್ಲದೆ ಸಮಪಾಲು ಮಾಡಿಕೊಂಡರು.

ಹಾಗಾಗಿ, ಪೆಟ್ಟಿಗೆ ತೆರೆದವರಿಗೆ ನನ್ನ ವಿನಂತಿ ಇಷ್ಟು. ಕಾರ್ಡನ್ನು ಒರೆಸಬೇಡಿ. ರಬ್ಬರಿನಲ್ಲಿ ಉಜ್ಜಬೇಡಿ, ಮಡಿಕೆ ಬಿಡಿಸಲು ಇಸ್ತ್ರಿ ಹಾಕಬೇಡಿ, ಲ್ಯಾಮಿನೇಟ್ ಮಾಡಿಸಲೇಬೇಡಿ. ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳದೆ ಆಲ್ಬಮ್ಮನ್ನೇ ಕೊಂಡೊಯ್ಯಿರಿ. ಅಂಟಿದ ಪುಟವೂ ಸಾಕ್ಷಿ. ಆಮ್ಲವಿಲ್ಲದ ತೆಳು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಎರಡೂ ಬದಿಯ ಫೋಟೊ ತೆಗೆಯಿರಿ. ಸಾಧ್ಯವಾದರೆ ಅದೇ ಮಾಲೆಯ ಮೂಲೆ ಸವೆದ, ಅಗ್ಗದ ಅಸಲಿ ಕಾರ್ಡೊಂದನ್ನು ನಂಬಿಗಸ್ತರಿಂದ ಕೊಂಡು ಪಕ್ಕದಲ್ಲಿಟ್ಟು ಹೋಲಿಸಿ. ನಿಮ್ಮ ಅನುಮಾನದ ಅರ್ಧ ಅಲ್ಲಿಯೇ ಬಗೆಹರಿಯುತ್ತದೆ. ಆಮೇಲೂ ಕಾರ್ಡು ನಿಂತರೆ ಪಿಎಸ್‌ಎ, ಎಸ್‌ಜಿಸಿ, ಬೆಕೆಟ್‌ನಂಥ ಪರೀಕ್ಷಾ ಸಂಸ್ಥೆಗೆ ವಿಮೆ ಮಾಡಿಸಿ ಕಳಿಸಿ. ಕೊಳ್ಳುತ್ತೇನೆಂದು ಬಂದ ವ್ಯಾಪಾರಿಯಿಂದಲೇ ಬೆಲೆ ಕೇಳಬೇಡಿ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ. ಮನೆಯ ಹಿರಿಯರು ಇರುವಾಗಲೇ ಕೂತು ಕೇಳಿ, ಕಾರ್ಡು ಯಾರದಾಗಿತ್ತು, ಯಾವ ಊರಿನಲ್ಲಿ, ಯಾವ ಪೆಟ್ಟಿಗೆಯಲ್ಲಿತ್ತು, ಯಾವಾಗ ಕೈ ಬದಲಾಯಿತು ಎಂದು. ಕೇಳಿದ್ದನ್ನು ಕೇಳಿದ ಹಾಗೆಯೇ, ಚೆಂದಗಾಣಿಸದೆ ಬರೆಯಿರಿ. ಹೇಳಿದವರ ಹೆಸರು, ತಾರೀಖು, ಸಹಿ ಇರಲಿ. ಬೇರೆ ಹಾಳೆಯಲ್ಲಿ ಬರೆಯಿರಿ, ಕಾರ್ಡಿನ ಹಿಂಬದಿಯಲ್ಲಿ ಮಾತ್ರ ಬೇಡ.